ಮುಚ್ಚಿಲ್ಲ, ಪಡೀಲಿನಲ್ಲಿ ಉಂಟು

ಬೆಳಗ್ಗೆ ಆರೂಕಾಲು. ರಾತ್ರಿಯಿಡೀ ಸುರಿದ ಮಳೆ ಈಗಷ್ಟೇ ಬಿಡುವು ಕೊಟ್ಟಿದೆ. ಪಡೀಲಿನ ಮುಖ್ಯರಸ್ತೆಯಿಂದ ಒಳಗೆ ತಿರುಗುವ ಓಣಿಯಲ್ಲಿ, ಇನ್ನೂ ಶಟರ್ ಎತ್ತದ ಅಂಗಡಿಯೊಂದರ ಎದುರು ಲಿಡಿಯಾ ತಾವ್ರೊ ನಿಂತಿದ್ದಾರೆ. ಮಡಚಿದ ಕೊಡೆ ಕಂಕುಳಲ್ಲಿದೆ, ಫೋನು ಎರಡೂ ಕೈಯಲ್ಲಿದೆ. ಎರಡು ಹೆಜ್ಜೆ ಹಿಂದೆ ಹೋಗುತ್ತಾರೆ, ಒಂದು ಹೆಜ್ಜೆ ಎಡಕ್ಕೆ ಸರಿಯುತ್ತಾರೆ, ಅಡ್ಡ ನಿಂತ ಹಾಲಿನ ವ್ಯಾನು ಹೊರಡುವ ತನಕ ಕಾಯುತ್ತಾರೆ. ವ್ಯಾನು ಹೋದ ಮೇಲೆ ಒಂದೇ ಸಮನೆ ಆರೇಳು ಫೋಟೋ ತೆಗೆಯುತ್ತಾರೆ.

“ಎಂಟು ಗಂಟೆ ಆದ್ರೆ ಮುಗೀತು. ಸ್ಕೂಟರು, ಬೈಕು ಎಲ್ಲ ಬಂದು ಬೋರ್ಡಿಗೆ ಅಡ್ಡ ನಿಲ್ತದೆ. ಮತ್ತೆ ಫೋಟೋದಲ್ಲಿ ಅಂಗಡಿ ಕಾಣುದಿಲ್ಲ, ಪಾರ್ಕಿಂಗ್ ಮಾತ್ರ ಕಾಣುದು” ಎನ್ನುತ್ತಾರೆ.

ಅಷ್ಟರಲ್ಲಿ ಅಂಗಡಿಯ ಮಾಲೀಕ ಅಶ್ರಫ್ ಬೀಗದ ಕೈ ಹಿಡಿದು ಬರುತ್ತಾರೆ. ಅರುವತ್ತರ ಆಸುಪಾಸು, ಬೆರಳ ಸಂದಿಯಲ್ಲಿ ಹೋಗದೆ ಉಳಿದ ಗ್ರೀಸು. ವೀಲ್‌ಚೇರ್, ವಾಕರ್, ಆಸ್ಪತ್ರೆಯ ಮಂಚ ರಿಪೇರಿ ಮಾಡುವುದು ಅವರ ಕೆಲಸ. ಹೋದ ವಾರ ಹೊಸ ಬೋರ್ಡು ಹಾಕಿಸಿದ್ದಾರೆ, ಅದಕ್ಕೇ ಈ ಫೋಟೋ.

“ಬಾಯಮ್ಮ, ಮೊದಲು ಒಂದು ಚಾ ಕುಡೀರಿ” ಎಂದು ಲಿಡಿಯಾ ಅವರನ್ನು ಕರೆಯುತ್ತಾರೆ.

“ಚಾ ಮತ್ತೆ. ನೀವು ಶಟರ್ ಅರ್ಧ ಎತ್ತಿ ನಿಲ್ಲಿ ಅಶ್ರಫಾಕ. ನಗುದು ಬೇಡ, ದಿನಾ ಹೇಗೆ ನಿಲ್ತೀರಿ ಹಾಗೆ.”

ಅಶ್ರಫ್ ನಗದೆ ಇರಲು ಬಹಳ ಕಷ್ಟಪಡುತ್ತಾರೆ.

ಲಿಡಿಯಾ ಅವರ ಉದ್ಯೋಗಕ್ಕೆ ಊರಿನಲ್ಲಿ ಇನ್ನೂ ಸರಿಯಾದ ಹೆಸರಿಲ್ಲ. ಯಾರಾದರೂ ಫೋನಿನಲ್ಲಿ ‘ಹತ್ತಿರದ ಟೈಲರ್’ ಎಂದೋ ‘ಮಿಕ್ಸಿ ರಿಪೇರಿ’ ಎಂದೋ ಹುಡುಕಿದಾಗ ನಕ್ಷೆಯ ಕೆಳಗೆ ಮೊದಲು ಮೂರು ನಾಲ್ಕು ಅಂಗಡಿಗಳ ಹೆಸರು ಬರುತ್ತದಲ್ಲ, ಅದರಾಚೆಗೆ ಬೆರಳಾಡಿಸಿ ನೋಡುವವರು ಕಡಿಮೆ. ಆ ಮೂರು ನಾಲ್ಕರೊಳಗೆ ಸಣ್ಣ ಅಂಗಡಿಯವರನ್ನು ತಂದು ಕೂರಿಸುವುದು ಅವರ ಕೆಲಸ. ವಿಳಾಸ ಸರಿಪಡಿಸುತ್ತಾರೆ, ತೆರೆಯುವ ಮುಚ್ಚುವ ಹೊತ್ತು ಬರೆಯುತ್ತಾರೆ, ಫೋಟೋ ಹಾಕುತ್ತಾರೆ, ಗಿರಾಕಿಗಳು ಬರೆದದ್ದಕ್ಕೆ ಉತ್ತರ ಬರೆಯಲು ಅಂಗಡಿಯವರ ಪಕ್ಕದಲ್ಲಿ ಕೂರುತ್ತಾರೆ. ವಯಸ್ಸು ಐವತ್ತಾರು, ಮನೆ ದೇರೆಬೈಲಿನಲ್ಲಿ. ದಿನಕ್ಕೆ ನಾಲ್ಕು ಅಂಗಡಿ, ಏಳೆಂಟು ಕಿಲೋಮೀಟರ್ ನಡಿಗೆ, ಮೂರು ಬಸ್ಸು. ನಾಲ್ಕು ವರ್ಷಗಳಲ್ಲಿ ಅವರ ಕೈಯಿಂದ ನೂರ ನಲವತ್ತಕ್ಕೂ ಹೆಚ್ಚು ಅಂಗಡಿಗಳು ನಕ್ಷೆಯಲ್ಲಿ ತಮ್ಮ ಸರಿಯಾದ ಜಾಗ ಕಂಡಿವೆ. ಆ ಪಟ್ಟಿಯ ಮೊದಲ ಹೆಸರು ಅಶ್ರಫ್ ಅವರದು.

ಇದಕ್ಕೂ ಮೊದಲು ಲಿಡಿಯಾ ಇಪ್ಪತ್ತೆರಡು ವರ್ಷ ಒಂದು ಗ್ಯಾಸ್ ಏಜೆನ್ಸಿಯ ಕೌಂಟರಿನಲ್ಲಿದ್ದರು. ಫೋನೆತ್ತಿ ವಿಳಾಸ ಕೇಳಿ ಬರೆದುಕೊಳ್ಳುವುದು, ಸಿಲಿಂಡರ್ ಒಯ್ಯುವವರಿಗೆ ದಾರಿ ಹೇಳುವುದು. “ಜನ ಡೋರ್ ನಂಬರ್ ಹೇಳುದೇ ಇಲ್ಲ ಮಾರಾಯ್ರೆ. ‘ದೊಡ್ಡ ಹಲಸಿನ ಮರದಿಂದ ಕೆಳಗೆ, ನಾಯಿ ಇರುವ ಮನೆ’ ಅಂತ ಹೇಳ್ತಾರೆ. ನಾನು ಹಾಗೇ ಬರೀತಿದ್ದೆ. ಸಿಲಿಂಡರ್ ಹೋಗಿ ಮುಟ್ಟುತ್ತಿತ್ತು.” ಬುಕಿಂಗ್ ಎಲ್ಲ ಫೋನಿನ ಗುಂಡಿಗೆ ಬಂದ ಮೇಲೆ ಕೌಂಟರಿಗೆ ಕೆಲಸವಿಲ್ಲದಾಯಿತು. ಒಂದು ಹಾರ, ಒಂದು ಗೋಡೆ ಗಡಿಯಾರ ಕೊಟ್ಟು ಕಳುಹಿಸಿದರು. ಅದೇ ವರ್ಷ ಗಂಡ ಜೆರೋಮ್ ಅವರಿಗೆ ಪಾರ್ಶ್ವವಾಯು ಬಡಿಯಿತು. ಬಲಗೈ ಬಲಗಾಲು ಸ್ವಾಧೀನ ತಪ್ಪಿದವು, ಮಾತು ನಾಲ್ಕೈದು ಶಬ್ದಕ್ಕೆ ಇಳಿಯಿತು.

ಜೆರೋಮ್ ಅವರ ವೀಲ್‌ಚೇರಿನ ಮುಂದಿನ ಚಕ್ರ ಒಂದು ದಿನ ಕಳಚಿ ಬಂತು. ರಿಪೇರಿಗೆ ಎಲ್ಲಿ ಹೋಗುವುದು? ಲಿಡಿಯಾ ಫೋನಿನಲ್ಲಿ ಹುಡುಕಿದರು. ಒಂದೇ ಒಂದು ಹೆಸರು ಬಂತು. ಅದರ ಕೆಳಗೆ ಕೆಂಪಕ್ಷರದಲ್ಲಿ ‘ಶಾಶ್ವತವಾಗಿ ಮುಚ್ಚಲಾಗಿದೆ’ ಎಂದಿತ್ತು. ಎರಡು ವಾರ ಜೆರೋಮ್ ಹಾಸಿಗೆ ಬಿಟ್ಟು ಕದಲಲಿಲ್ಲ. ಕಿಟಕಿಯ ಹತ್ತಿರ ಕೂರಿಸು ಎಂದು ಎಡಗೈಯಲ್ಲಿ ಸನ್ನೆ ಮಾಡುತ್ತಿದ್ದರು, ಆಗದು ಎಂದಾಗ ಮುಖ ಗೋಡೆಗೆ ತಿರುಗಿಸುತ್ತಿದ್ದರು. ಕೊನೆಗೆ ಲಿಡಿಯಾ ಸಾಲ ಮಾಡಿ ಹೊಸದನ್ನೇ ತಂದರು.

ಒಂದು ತಿಂಗಳು ಕಳೆದಿರಬೇಕು. ಸಂಬಂಧಿಕರ ಮನೆಗೆ ಬಂಟ್ವಾಳದ ಕಡೆ ಹೊರಟ ಬಸ್ಸು ಪಡೀಲಿನಲ್ಲಿ ನಿಂತಾಗ, ಕಿಟಕಿಯಾಚೆ ಓಣಿಯ ಬಾಯಲ್ಲಿ ಒಂದು ತುಕ್ಕು ಹಿಡಿದ ತಗಡು ಕಂಡಿತು. ‘ವೀಲ್‌ಚೇರ್ ರಿಪೇರಿ’. ಮೇಲೆ ಫೋನಿನಲ್ಲಿ ಕಂಡಿದ್ದ ಅದೇ ಹೆಸರು, ಕೆಳಗೊಂದು ಬಾಣದ ಗುರುತು. ಲಿಡಿಯಾ ಅಲ್ಲೇ ಇಳಿದುಬಿಟ್ಟರು.

“ನನಗೆ ಸಿಟ್ಟು ಬಂದಿತ್ತು. ಯಾರ ಮೇಲೆ ಅಂತ ಗೊತ್ತಿಲ್ಲ. ಒಳಗೆ ಹೋಗಿ ಸೀದಾ ಕೇಳಿದೆ, ನೀವು ಮುಚ್ಚಿದ್ದು ಯಾವಾಗ, ತೆರೆದದ್ದು ಯಾವಾಗ?”

“ನಾನು ಒಂದು ದಿವಸ ಕೂಡ ಮುಚ್ಚಲಿಲ್ಲ ಬಾಯಮ್ಮ” ಎಂದರಂತೆ ಅಶ್ರಫ್.

ಅವರ ಅಂಗಡಿ ಮೊದಲು ಪೇಟೆಯಲ್ಲಿ, ಆಸ್ಪತ್ರೆಯೊಂದರ ಹಿಂದಿನ ಹಳೆಯ ಕಟ್ಟಡದಲ್ಲಿತ್ತು. ಕಟ್ಟಡ ಕೆಡವಿದಾಗ ಪಡೀಲಿಗೆ ಬಂದರು. ಹಳೆಯ ಜಾಗದಲ್ಲಿ ಮಣ್ಣಿನ ರಾಶಿ ನೋಡಿದ ಯಾರೋ ನಕ್ಷೆಯಲ್ಲಿ ‘ಮುಚ್ಚಿದೆ’ ಎಂದು ತಿಳಿಸಿದ್ದರು. ಅಶ್ರಫ್ ಅವರಿಗೆ ಇದಾವುದೂ ಗೊತ್ತಿರಲಿಲ್ಲ. ಅವರ ಹತ್ತಿರ ಇದ್ದದ್ದು ಗುಂಡಿಯೊತ್ತುವ ಫೋನು. ವಾರಕ್ಕೆ ಹದಿನೈದು ಇಪ್ಪತ್ತು ಗಿರಾಕಿಗಳಿದ್ದದ್ದು ಎರಡು ಮೂರಕ್ಕೆ ಇಳಿದಾಗ, ಈಗಿನವರು ರಿಪೇರಿ ಮಾಡಿಸುವುದಿಲ್ಲ, ಹೊಸದೇ ಕೊಳ್ಳುತ್ತಾರೆ ಎಂದುಕೊಂಡಿದ್ದರು. ವೆಲ್ಡಿಂಗ್ ಯಂತ್ರ ಕೊಳ್ಳಲು ಒಬ್ಬರು ಬಂದು ನೋಡಿಕೊಂಡೂ ಹೋಗಿದ್ದರು. ಅಪಾರ್ಟ್‌ಮೆಂಟೊಂದರಲ್ಲಿ ವಾಚ್‌ಮನ್ ಕೆಲಸಕ್ಕೆ ಮಾತಾಗಿತ್ತು.

ಲಿಡಿಯಾ ತಮ್ಮ ಫೋನು ತೆಗೆದು ಕೆಂಪಕ್ಷರ ತೋರಿಸಿದರು. ಅಶ್ರಫ್ ಕನ್ನಡಕ ಹಾಕಿಕೊಂಡು ಎರಡು ಸಲ ಓದಿದರು. ಆಮೇಲೆ ಸ್ಟೂಲಿನ ಮೇಲೆ ಕುಳಿತುಬಿಟ್ಟರು.

“ಮೂರು ವರ್ಷ” ಎಂದರು. “ಮೂರು ವರ್ಷದಿಂದ ನಾನು ಇಲ್ಲಿ ದಿನಾ ಬಾಗಿಲು ತೆಗೀತಾ ಇದ್ದೇನೆ.”

ಲಿಡಿಯಾ ಅವರಿಗೂ ಆಗ ಈ ವಿದ್ಯೆ ಗೊತ್ತಿರಲಿಲ್ಲ. ಜೆರೋಮ್ ಮಲಗಿದ ಮೇಲೆ ಅಡುಗೆಮನೆಯ ಮೇಜಿನ ಮೇಲೆ ಫೋನಿಟ್ಟು, ವಿಡಿಯೋ ನೋಡಿ, ನೋಟ್‌ಬುಕ್ಕಿನಲ್ಲಿ ಬರೆದುಕೊಂಡು ಕಲಿತರು. ಅಂಗಡಿ ನಿಜವಾಗಿ ಇದೆ ಎಂದು ತೋರಿಸಲು ಒಂದು ವಿಡಿಯೋ ಬೇಕು. ರಸ್ತೆ, ಅಕ್ಕಪಕ್ಕ, ಬೋರ್ಡು, ಬೀಗ ತೆಗೆಯುವುದು, ಒಳಗಿನ ಸಲಕರಣೆ, ಎಲ್ಲವನ್ನೂ ನಡುವೆ ಎಲ್ಲೂ ನಿಲ್ಲಿಸದೆ ಒಂದೇ ಓಟದಲ್ಲಿ ತೆಗೆಯಬೇಕು. ಮೊದಲನೆಯದು ತಿರಸ್ಕೃತವಾಯಿತು. ಬೋರ್ಡಿನಲ್ಲಿ ಒಂದು ಹೆಸರು, ಬಿಲ್ ಪುಸ್ತಕದಲ್ಲಿ ಇನ್ನೊಂದು, ಲೈಸನ್ಸಿನಲ್ಲಿ ಮತ್ತೊಂದು. ಮೂರನ್ನೂ ಒಂದು ಮಾಡಿಸಿದರು. ಎರಡನೆಯದರಲ್ಲಿ ಬೋರ್ಡಿಗೆ ಅಡ್ಡವಾಗಿ ಲಾರಿ ನಿಂತಿತ್ತು. ಮೂರನೆಯದಕ್ಕೆ ಬೆಳಗ್ಗೆ ಆರು ಗಂಟೆಗೆ ಹೋದರು. ಆರನೆಯ ದಿನ ಕೆಂಪಕ್ಷರ ಅಳಿಸಿ ಹೋಯಿತು.

ಆದರೆ ಮೊದಲು ಫೋನು ಬಂದದ್ದು ಮದುವೆಮನೆಯವರದು. ಇನ್ನೂರು ಕುರ್ಚಿ ಬೇಕಂತೆ! ಅಂಗಡಿಯ ವರ್ಗ ಆರಿಸುವಾಗ ಲಿಡಿಯಾ ತಿಳಿಯದೆ ಪೀಠೋಪಕರಣದ ಸಾಲನ್ನು ಒತ್ತಿದ್ದರು. “ನನ್ನದೇ ತಪ್ಪು. ಅಶ್ರಫಾಕ ಎಂತ ಹೇಳಿದ್ರು ಗೊತ್ತುಂಟಾ? ‘ಪರವಾಗಿಲ್ಲ ಬಾಯಮ್ಮ, ಯಾರೋ ಒಬ್ರು ಫೋನಾದ್ರೂ ಮಾಡಿದ್ರಲ್ಲ’ ಅಂತ.” ತಿದ್ದಿದರು. ಮರುವಾರ ಕಾಸರಗೋಡಿನಿಂದ ಒಂದು ಕುಟುಂಬ ಮುರಿದ ವಾಕರ್ ಹಿಡಿದು ಹುಡುಕಿಕೊಂಡು ಬಂತು. ವಾಚ್‌ಮನ್ ಕೆಲಸಕ್ಕೆ ಬರುವುದಿಲ್ಲ ಎಂದು ಅಶ್ರಫ್ ಅಪಾರ್ಟ್‌ಮೆಂಟಿನವರಿಗೆ ಹೇಳಿಕಳುಹಿಸಿದರು.

ಈ ಕೆಲಸದಲ್ಲಿ ಮಂತ್ರವೇನೂ ಇಲ್ಲ ಎಂದು ಲಿಡಿಯಾ ಎಲ್ಲರಿಗೂ ಮೊದಲೇ ಹೇಳುತ್ತಾರೆ. ಹುಡುಕುವವರು ಎಲ್ಲಿ ನಿಂತಿದ್ದಾರೆ ಎಂಬುದರ ಮೇಲೆ ಹೆಸರುಗಳು ಬದಲಾಗುತ್ತವೆ. ಪಡೀಲಿನಲ್ಲಿ ಮೊದಲು ಬರುವ ಅಂಗಡಿ ದೇರೆಬೈಲಿನಲ್ಲಿ ಕಾಣದೇ ಇರಬಹುದು. ಅದಕ್ಕೇ ಅವರು ಬಸ್ಸು ನಿಂತಲ್ಲೆಲ್ಲ ಫೋನು ತೆಗೆದು ಹುಡುಕಿ ನೋಡುತ್ತಾರೆ. ಮನೆಯಲ್ಲಿ ಆ ಕೆಲಸ ಜೆರೋಮ್ ಅವರದು. ಎಡಗೈಯ ಹೆಬ್ಬೆರಳಿನಲ್ಲಿ ನಿಧಾನವಾಗಿ ಒತ್ತಿ ಹುಡುಕುತ್ತಾರೆ, ಎಷ್ಟನೆಯದಾಗಿ ಬಂತೆಂದು ಬೆರಳೆತ್ತಿ ತೋರಿಸುತ್ತಾರೆ. “ನಾಲ್ಕು ಬೆರಳು ತೋರಿಸಿದ್ರೆ ನನಗೆ ತಲೆಬಿಸಿ” ಎಂದು ನಗುತ್ತಾರೆ ಲಿಡಿಯಾ.

ಸುಳ್ಳು ಬರೆಸಲು ಕೇಳುವವರೂ ಇದ್ದಾರೆ. ಹೋಟೆಲಿನವರೊಬ್ಬರು ಐದು ನಕ್ಷತ್ರದ ಇನ್ನೂರು ಹೊಗಳಿಕೆ ಬೇಕೆಂದರು. ಲಿಡಿಯಾ ಒಪ್ಪಲಿಲ್ಲ. ಹೋಟೆಲಿನವರು ಬೇರೆಯವರಿಂದ ಬರೆಸಿಕೊಂಡರು. “ಅವರ ಹೋಟೆಲ್ ಈಗಲೂ ಮೇಲೆಯೇ ಬರ್ತದೆ. ನಾನು ಸುಳ್ಳು ಯಾಕೆ ಹೇಳ್ಲಿ? ಆದ್ರೆ ನನ್ನ ಕೈಯಿಂದ ಆಗುದಿಲ್ಲ. ಗಂಡನಿಗೆ ಆಸ್ಪತ್ರೆ ಹುಡುಕುವಾಗ ನಾನೂ ಅದನ್ನೇ ಓದಿ ನಂಬಿದವಳು.”

ಅಶ್ರಫ್ ಅವರ ಅಂಗಡಿಗೂ ಒಂದು ಕಠಿಣ ದಿನ ಬಂತು. ದೇರೆಬೈಲಿನ ಸುಜಿತ್ ಎಂಬವರು ಒಂದೇ ನಕ್ಷತ್ರ ಕೊಟ್ಟು ಬರೆದಿದ್ದರು: ‘ಮೂರು ದಿನ ಅಂದರು, ಎಂಟು ದಿನ ಆಯಿತು. ವೀಲ್‌ಚೇರ್ ಇಲ್ಲದೆ ಅಮ್ಮ ಮೊಮ್ಮಗಳ ಮದುವೆ ನೋಡಲಿಲ್ಲ.’ ಅಶ್ರಫ್ ಮಧ್ಯಾಹ್ನದ ಊಟ ಬಿಟ್ಟು ಲಿಡಿಯಾ ಅವರಿಗೆ ಫೋನು ಮಾಡಿದರು.

“ಅದನ್ನು ತೆಗೀರಿ ಬಾಯಮ್ಮ. ಎಲ್ಲರೂ ಓದ್ತಾರೆ.”

“ತೆಗೀಲಿಕ್ಕೆ ಆಗುದಿಲ್ಲ. ಅವರು ಬರೆದದ್ದು ಸುಳ್ಳಾ?”

“ಸುಳ್ಳಲ್ಲ. ಬೇರಿಂಗ್ ಬರುವಾಗ ತಡ ಆಯ್ತು. ನಾನು ಫೋನ್ ಮಾಡಿ ಹೇಳ್ಬೇಕಿತ್ತು. ಹೇಳಲಿಲ್ಲ.”

“ಹಾಗಾದ್ರೆ ಅದನ್ನೇ ಬರೆಯುವ.”

ಬರೆದದ್ದು ನಾಲ್ಕೇ ಸಾಲು. ತಪ್ಪು ನನ್ನದು, ತಡವಾಗುವುದನ್ನು ಮೊದಲೇ ತಿಳಿಸಬೇಕಿತ್ತು, ನಿಮ್ಮ ತಾಯಿಯವರ ಕ್ಷಮೆ ಕೇಳುತ್ತೇನೆ, ಅಶ್ರಫ್. ಆಮೇಲೆ ಅವರು ಸುಜಿತ್ ಅವರ ಮನೆಗೂ ಹೋಗಿ ಆ ತಾಯಿಯನ್ನು ಕಂಡು ಬಂದರು. ಅಲ್ಲಿ ಏನಾಯಿತೆಂದು ಲಿಡಿಯಾ ಅವರಿಗೂ ಹೇಳಿಲ್ಲ. ಆ ಒಂದು ನಕ್ಷತ್ರ ಇವತ್ತಿಗೂ ಒಂದೇ ಆಗಿ ಉಳಿದಿದೆ. ಆದರೆ ಐದು ತಿಂಗಳ ನಂತರ ಅದೇ ವೀಲ್‌ಚೇರಿನ ಕಾಲಿಡುವ ಹಲಗೆ ಮುರಿದಾಗ ಸುಜಿತ್ ಬೇರೆಲ್ಲೂ ಹೋಗಲಿಲ್ಲ. ಈಗ ಅಶ್ರಫ್ ಅಂಗಡಿಯ ಗೋಡೆಯಲ್ಲಿ ಒಂದು ಕರಿಹಲಗೆ ಇದೆ. ಯಾರ ವೀಲ್‌ಚೇರ್, ಯಾವ ದಿನ ಕೊಡುವುದು, ತಡವಾದರೆ ಯಾರಿಗೆ ಫೋನು ಮಾಡುವುದು ಎಂದು ಸೀಮೆಸುಣ್ಣದಲ್ಲಿ ಬರೆದಿರುತ್ತದೆ.

ಪಡೀಲಿನಲ್ಲಿ ಚಾ ಮುಗಿಸಿದ ಲಿಡಿಯಾ ಹನ್ನೊಂದರ ಹೊತ್ತಿಗೆ ದೋಣಿ ಹತ್ತಿ ಹೊಳೆಯಾಚೆಯ ಮೀನುಗಾರರ ಊರು ಬೆಂಗ್ರೆಗೆ ದಾಟುತ್ತಾರೆ. ಮಳೆಗಾಲದ ಮೀನುಗಾರಿಕೆ ರಜೆಯಲ್ಲಿ ಬೋಟುಗಳೆಲ್ಲ ದಡದಲ್ಲಿವೆ. ಶೀಟು ಹೊದೆಸಿದ ಚಪ್ಪರದಡಿ ಶೀನಪ್ಪ ಹರಿದ ಬಲೆ ಹೆಣೆಯುತ್ತಿದ್ದಾರೆ. ಅವರಿಗೆ ಅಂಗಡಿಯಿಲ್ಲ, ಬೋರ್ಡಿಲ್ಲ. ಅಂಗಡಿ ಇಲ್ಲದ ಕೆಲಸಗಾರರನ್ನೂ ನಕ್ಷೆಗೆ ಸೇರಿಸುವ ದಾರಿಯೊಂದನ್ನು ಲಿಡಿಯಾ ಕಂಡುಕೊಂಡು ಬಂದಿದ್ದಾರೆ. ಶೀನಪ್ಪ ಅವರಿಗೆ ನಂಬಿಕೆ ಸಾಲದು.

“ನನ್ನನ್ನು ಯಾರು ಹುಡುಕುದು ಬಾಯಮ್ಮ? ಇಲ್ಲಿಯವರಿಗೆಲ್ಲ ನನ್ನ ಗುರ್ತ ಉಂಟು.”

“ಇಲ್ಲಿಯವರಿಗೆ ಉಂಟು. ಹೊರಗಿನ ಬೋಟಿನವರ ಬಲೆ ಇಲ್ಲಿ ಬಂದು ಹರಿದ್ರೆ? ಅವರು ಯಾರನ್ನು ಕೇಳುದು?”

ಶೀನಪ್ಪ ಇನ್ನೂ ನಾಲ್ಕಾರು ಗಂಟು ಹಾಕುತ್ತಾರೆ. ಆಮೇಲೆ ಬಲೆಯ ಆ ತುದಿಯಲ್ಲಿ, ಬೆನ್ನು ತಿರುಗಿಸಿ ಕುಳಿತು ಹೆಣೆಯುತ್ತಿರುವ ಹೆಂಡತಿಯ ಕಡೆ ನೋಡುತ್ತಾರೆ.

“ಹಾಕುದಾದ್ರೆ ಕುಶಲಾನ ಹೆಸರೂ ಹಾಕಿ. ಅರ್ಧ ಬಲೆ ಅವಳೇ ಮಾಡುದು.”

ಕುಶಲಾ ತಿರುಗಿ ನೋಡುತ್ತಾರೆ. ಲಿಡಿಯಾ ಎರಡೂ ಹೆಸರು ಬರೆದು, ಎದ್ದು ಹೋಗಿ, ಫೋನನ್ನು ಅವರ ಮುಖದ ಹತ್ತಿರ ಹಿಡಿಯುತ್ತಾರೆ. ಕುಶಲಾ ಕೈಯನ್ನು ಸೀರೆಗೆ ಒರೆಸಿ, ಫೋನು ತೆಗೆದುಕೊಂಡು ಅಕ್ಷರ ಕೂಡಿಸಿ ಓದುತ್ತಾರೆ. ಓದಿ ಮುಗಿದ ಮೇಲೂ ಫೋನು ಹಿಂದೆ ಕೊಡುವುದಿಲ್ಲ.

“ಬೋಟು ನೀರಿಗೆ ಇಳಿಯುವ ಮೊದಲು ಇದು ಎಲ್ಲರ ಫೋನಿನಲ್ಲಿ ಕಾಣುವ ಹಾಗೆ ಆಗ್ಬೇಕು” ಎನ್ನುತ್ತಾರೆ ಲಿಡಿಯಾ. “ಈ ವರ್ಷಕ್ಕೆ ನನ್ನ ಆಸೆ ಅಷ್ಟೇ.”