ಕರಿಯವ್ವನ ಗೋಧಿ ಕಾಫಿ

ಅಸೂಟಿಯಲ್ಲಿ ಆಶಾ ಕಾರ್ಯಕರ್ತೆಯಾಗಿ ಹನ್ನೊಂದು ವರ್ಷವಾಯಿತು. ಬಸುರಿಯರ ಸುಳ್ಳು ನನಗೆ ಹೊಸದಲ್ಲ. ಗುಳಿಗೆ ನುಂಗಿದೆ ಎನ್ನುತ್ತಾರೆ, ಹಿತ್ತಲಿಗೆ ಹೋಗಿ ನೋಡಿದರೆ ನುಗ್ಗೆಗಿಡದ ಬುಡದಲ್ಲಿ ಬಿದ್ದಿರುತ್ತವೆ. ಹಾಗಾಗಿ ಈ ನಜ್ಮಾ ಯಾರನ್ನೂ ಸುಮ್ಮನೆ ನಂಬುವವಳಲ್ಲ, ನನ್ನ ಬಾಯಿಗೆ ಊರಿನ ಅರ್ಧ ಹೆಂಗಸರು ಹೆದರುತ್ತಾರೆ. ಅಂಥವಳೇ ನೀಲಾಳ ವಿಷಯದಲ್ಲಿ ಮೋಸಹೋದೆ. ಖರೇ ಹೇಳಿದವಳನ್ನು ಬೈದೆ, ಸುಳ್ಳು ಹೇಳಿದವಳ ಪಕ್ಕ ಕುಳಿತು ಚಹಾ ಕುಡಿದೆ. ಆ ಸಿಟ್ಟು ಇನ್ನೂ ಇಳಿದಿಲ್ಲ.

ನೀಲಾ ತಾಯಿಯಿಲ್ಲದ ಹುಡುಗಿ. ಮದುವೆಯಾಗಿ ಬಂದ ದಿನದಿಂದ ಅತ್ತೆ ಕರಿಯವ್ವನನ್ನು 'ಯವ್ವಾ' ಎಂದೇ ಕರೆದಳು, 'ನೀ' ಎಂದೇ ಮಾತಾಡಿಸಿದಳು. ನಮ್ಮ ಕಡೆ ಅತ್ತೆಗೆ 'ರಿ' ಹಚ್ಚದೆ ಮಾತಾಡುವ ಸೊಸೆ ಅಪರೂಪ. ಕರಿಯವ್ವ ಅದನ್ನು ಓಣಿಯ ತುಂಬ ಹೇಳಿಕೊಂಡು ಹಿಗ್ಗುತ್ತಿದ್ದಳು. ಗಂಡ ದ್ಯಾಮೇಶನ ಜೊತೆ ನೀಲಾ ಮೂರು ವರ್ಷ ಚಿಕ್ಕಮಗಳೂರಿನ ಕಡೆ ಕಾಫಿ ತೋಟದ ಕೂಲಿಗೆ ಹೋದಳು. ಅಲ್ಲಿ ಹಣ್ಣು ಬಿಡಿಸುವುದು ಕಲಿತಳು, ಕಾಫಿ ಕುಡಿಯುವುದೂ ಕಲಿತಳು, ದಿನಕ್ಕೆ ಆರು ಲೋಟ. ಅಲ್ಲೇ ಮೊದಲನೇ ಬಸಿರು ಮೂರು ತಿಂಗಳಿಗೆ ಹೋಯಿತು.

ಎರಡನೆಯದು ನಿಂತಾಗ ಗಂಡನನ್ನು ಅಲ್ಲೇ ಬಿಟ್ಟು ಊರಿಗೆ ಬಂದಳು. ಚೀಲದಲ್ಲಿ ತೋಟದ ನಾಲ್ಕು ಕಿಲೋ ಕಾಫಿಪುಡಿ ಇತ್ತು. ರೋಣದ ದವಾಖಾನೆಗೆ ನಾನೇ ಕರೆದೊಯ್ದೆ. ಮೊದಲನೆಯದು ಕಾಫಿಯಿಂದಲೇ ಹೋಯಿತೆಂದು ಯಾರೂ ಹೇಳಲಾರರು ಎಂದರು ಡಾಕ್ಟರಬಾಯಿ. ಆದರೆ ಬಸುರಿಗೆ ದಿನಕ್ಕೆ ಒಂದು ಸಣ್ಣ ಲೋಟಕ್ಕಿಂತ ಹೆಚ್ಚು ಬೇಡ, ಇವಳಿಗೆ ರಕ್ತ ಬೇರೆ ಎಂಟೂವರೆಗೆ ನಿಂತಿದೆ, ಕಬ್ಬಿಣದ ಗುಳಿಗೆಯ ಹಿಂದೆ ಮುಂದೆ ಚಹಾ, ಕಾಫಿ ಕುಡಿದರೆ ಗುಳಿಗೆ ಮೈಗೆ ಹತ್ತುವುದಿಲ್ಲ ಎಂದರು. ಒಂದಕ್ಕೆ ನಿಲ್ಲುವ ಬಾಯಿ ತನ್ನದಲ್ಲ, ಹೆರುವ ತನಕ ಹನಿಯನ್ನೂ ಮುಟ್ಟುವುದಿಲ್ಲ ಎಂದಳು ನೀಲಾ. ಮನೆ ಮುಟ್ಟಿದವಳೇ ಪುಡಿಯ ಗಂಟನ್ನು ಅತ್ತೆಯ ಕೈಗಿಟ್ಟು, ಯಾರಿಗಾದರೂ ಕೊಟ್ಟುಬಿಡು ಎಂದು ಹೇಳಿದಳು.

ಬದಲಿಗೆ ಕುಡಿಯುವುದೇನು? ನರಗುಂದದ ಸಂತೆಯಲ್ಲಿ ಯಾರೋ ಬಸುರಿಯರ ಕಷಾಯವೆಂದು ಮಾರುತ್ತಿದ್ದ ಪುಡಿಯನ್ನು ತರಿಸಿದಳು. ಡಾಕ್ಟರಬಾಯಿ ಮೂಸಿ ನೋಡಿ, ಇದರಲ್ಲಿ ಜ್ಯೇಷ್ಠಮಧು ಇದ್ದಂತಿದೆ, ಅದು ಬಸುರಿಗೆ ಬೇಡ, ಇನ್ನೂ ಏನೇನು ಬೇರು ಹಾಕಿದ್ದಾರೋ, ಗಿಡಮೂಲಿಕೆಯೆಂದ ಮಾತ್ರಕ್ಕೆ ಕಣ್ಣು ಮುಚ್ಚಿ ಕುಡಿಯಬಾರದು ಎಂದರು. ಜೀರಿಗೆ ನೀರು, ಲಿಂಬೆಹಣ್ಣಿನ ಪಾನಕ, ಮಜ್ಜಿಗೆ ನಡೆಯುತ್ತಿತ್ತು. ಆದರೆ ಈ ಹುಡುಗಿಗೆ ಬೇಕಾಗಿದ್ದು ಕಪ್ಪಗೆ, ಕಹಿಯಾಗಿ, ಸುಡುಸುಡು ಇರುವಂಥದ್ದು. ಆಗ ನಾನೇ ಗೋಧಿ ಕಾಫಿ ಹೇಳಿಕೊಟ್ಟೆ. ಗೋಧಿಯನ್ನು ಕಪ್ಪಾಗುವ ತನಕ ಹುರಿದು, ಪುಡಿ ಮಾಡಿ, ಬೆಲ್ಲ ಹಾಕಿ ಕುದಿಸುವುದು. ನಮ್ಮ ಅಮ್ಮ ಮಾಡುತ್ತಿದ್ದಳು. ಡಾಕ್ಟರಬಾಯಿಯೂ ಸೈ ಎಂದರು.

ಹುರಿಯುವ ಕುದಿಸುವ ಕೆಲಸವನ್ನೆಲ್ಲ ಕರಿಯವ್ವ ವಹಿಸಿಕೊಂಡಳು. ಮೊದಲನೇ ವಾರ ನೀಲಾ ತಲೆನೋವಿನಿಂದ ಹಣೆಗೆ ಬಟ್ಟೆ ಬಿಗಿದುಕೊಂಡು ಮಲಗಿದಳು. ಕಾಫಿ ಬಿಟ್ಟಿದ್ದಕ್ಕೆ ಹೀಗೆ, ತಾನೇ ಹೋಗುತ್ತದೆ ಎಂದೆ. ಎರಡನೇ ವಾರ ನೋವು ಹೋಯಿತು. ಗೋಧಿ ಕಾಫಿಯೂ ರುಚಿ ಹತ್ತಿತು. ಈಗ ಇನ್ನಷ್ಟು ಕಪ್ಪಗೆ ಹುರಿಯುತ್ತೇನೆ, ಅದಕ್ಕೇ ರುಚಿ ಎಂದಳು ಕರಿಯವ್ವ. ಅಪಾಯವಿಲ್ಲದ್ದು ತಾನೇ ಎಂದು ನೀಲಾ ದಿನಕ್ಕೆ ಐದು ಲೋಟ ಕುಡಿದಳು. ಗುಳಿಗೆ ನುಂಗಿದ ಮೇಲೂ ಬಾಯಿಯ ಕಬ್ಬಿಣದ ರುಚಿ ಹೋಗಲೆಂದು ಅದನ್ನೇ ಕುಡಿಯುತ್ತಿದ್ದಳು. ಭೇಷ್ ನಜ್ಮಾ ಎಂದು ನನ್ನ ಬೆನ್ನನ್ನು ನಾನೇ ತಟ್ಟಿಕೊಂಡೆ.

ಏಳನೇ ತಿಂಗಳಲ್ಲಿ ಅತ್ತೆ ಸೊಸೆ ಇಬ್ಬರನ್ನೂ ದವಾಖಾನೆಗೆ ಕರೆದೊಯ್ದು ರಕ್ತ ನೋಡಿಸಿದರೆ ಎಂಟಕ್ಕೆ ಇಳಿದಿತ್ತು. ಕೂಸೂ ತಿಂಗಳಿಗೆ ತಕ್ಕಷ್ಟು ಬೆಳೆದಿಲ್ಲ, ಹೀಗೇ ಆದರೆ ತಾಯಿಗೂ ಕೂಸಿಗೂ ಕಷ್ಟ ಎಂದರು ಡಾಕ್ಟರಬಾಯಿ. ನನ್ನ ತಲೆ ಕೆಟ್ಟುಹೋಯಿತು. ಸಾಲಿನಲ್ಲಿ ಕೂತ ಅಷ್ಟೂ ಹೆಂಗಸರ ಮುಂದೆ ಗುಳಿಗೆ ಎಲ್ಲಿ ಒಗೆದೆ, ಸುಳ್ಳಿ ಎಂದು ಬೈದೆ.

"ಒಂದೂ ಬಿಟ್ಟಿಲ್ಲರಿ ಅಕ್ಕಾರ," ಎಂದಳು ನೀಲಾ. "ಬೇಕಾದ್ರ ನಮ್ಮ ಯವ್ವನ ಕೇಳ್ರಿ."

ಎಲ್ಲರೂ ಕರಿಯವ್ವನ ಕಡೆ ತಿರುಗಿದರು. ಅವಳು ಸೆರಗಿನ ಚುಂಗು ಮಡಚುತ್ತ ಹೇಳಿದಳು, "ನನಗೇನ ಗೊತ್ತವ್ವಾ. ನಾ ಒಲಿ ಮುಂದಿರ್ತೀನಿ."

ನೀಲಾ ಅತ್ತೆಯ ಮುಖವನ್ನೇ ನೋಡುತ್ತ ಕುಳಿತಳು. ಮರುದಿನದಿಂದ ನಾನು ಎದುರು ಕೂತು ಗುಳಿಗೆ ನುಂಗಿಸತೊಡಗಿದೆ. ಅವಳು ನನ್ನ ಕಣ್ಣೆದುರೇ ಗುಳಿಗೆ ನುಂಗಿ, ಮೇಲೆ ಒಂದು ಲೋಟ ಗೋಧಿ ಕಾಫಿ ಕುಡಿದಳು. ನಾನೂ ನೋಡುತ್ತ ಕುಳಿತೆ, ಎಂಥ ಶಾಣ್ಯಾಕಿ ನಾನು.

ಎಂಟನೇ ತಿಂಗಳಲ್ಲಿ ಕರಿಯವ್ವ ಮಗಳ ಮನೆಗೆಂದು ನರಗುಂದಕ್ಕೆ ಮೂರು ದಿನ ಹೋದಳು. ತನ್ನ ಡಬ್ಬಿಯನ್ನು ಅಟ್ಟದ ಮೇಲೆ ಎತ್ತಿಟ್ಟು, ಇದು ಹಳತಾಗಿದೆ, ಹೊಸದಾಗಿ ಹುರಿದುಕೋ ಎಂದು ಹೇಳಿದ್ದಳು. ನೀಲಾ ಹಾಗೇ ಮಾಡಿದಳು. ಎರಡನೇ ದಿನ ತಲೆ ಸಿಡಿಯತೊಡಗಿತು. ತುಂಬು ಬಸುರಿಗೆ ಅಂಥ ತಲೆನೋವೆಂದರೆ ನನಗೆ ಜೀವ ಹೋದಂತಾಯಿತು. ಬಿಪಿ ಏರಿತೇನೋ ಎಂದು ಗಾಡಿ ಮಾಡಿಸಿಕೊಂಡು ರೋಣಕ್ಕೆ ಓಡಿದೆ. ಬಿಪಿ ಸರಿ ಇತ್ತು, ಮೂತ್ರವೂ ಸರಿ ಇತ್ತು. ಕಾಫಿ ಏನಾದರೂ ಒಮ್ಮೆಲೇ ಬಿಟ್ಟೆಯಾ ಎಂದು ಡಾಕ್ಟರಬಾಯಿ ಕೇಳಿದರು. ಬಿಟ್ಟು ಐದು ತಿಂಗಳಾಯಿತು ಎಂದು ನೀಲಾ ನಕ್ಕಳು. ನಗುತ್ತ ನಗುತ್ತಲೇ ಅವಳ ಮುಖ ಕಪ್ಪಿಟ್ಟಿತು.

ಮನೆಗೆ ಬಂದು ಅಟ್ಟದ ಮೇಲಿನ ಡಬ್ಬಿಯನ್ನು ನನ್ನ ಕೈಲಿ ಇಳಿಸಿಕೊಂಡಳು. ಎರಡು ಗಾಜಿನ ಲೋಟಗಳಲ್ಲಿ ತಣ್ಣೀರು ಹಿಡಿದಳು. ಕಾಫಿಯಲ್ಲಿ ಬೆರಕೆ ಇದೆಯೋ ಇಲ್ಲವೋ ಎಂದು ತೋಟದಲ್ಲಿ ಹೀಗೇ ನೋಡುತ್ತಿದ್ದರಂತೆ. ಒಂದರಲ್ಲಿ ತಾನು ಹುರಿದ ಪುಡಿ ಉದುರಿಸಿದಳು, ಅದು ತಳಕ್ಕೆ ಇಳಿಯಿತು. ಇನ್ನೊಂದರಲ್ಲಿ ಅತ್ತೆಯ ಪುಡಿ ಉದುರಿಸಿದಳು. ಅರ್ಧ ಇಳಿಯಿತು, ಅರ್ಧ ಮೇಲೇ ತೇಲಿತು.

ತೇಲುತ್ತಿದ್ದುದು ಅವಳೇ ತೋಟದಿಂದ ತಂದ ಕಾಫಿಪುಡಿ.

ಕರಿಯವ್ವ ಮರುದಿನ ಮಧ್ಯಾಹ್ನ ಬಂದಳು. ಹೊಸ್ತಿಲ ಮೇಲಿದ್ದ ಎರಡು ಲೋಟ ನೋಡಿ ಅಲ್ಲೇ ಕುಳಿತಳು. ಅಲ್ಲಗಳೆಯಲಿಲ್ಲ. ಆ ತಲೆನೋವಿನ ವಾರದಲ್ಲಿ ನೀಲಾ ನಿದ್ದೆಗಣ್ಣಿನಲ್ಲೂ ಕಾಫಿ ಕಾಫಿ ಎಂದಿದ್ದಳಂತೆ.

"ಬಯಕಿ ಒಳಗ ಉಳದ್ರ ಕೂಸಿನ ಕಿವಿ ಸೋರ್ತದ," ಎಂದಳು. "ಒಂದ ಪೇರಲಹಣ್ಣಿಗೆ ನಮ್ಮತ್ತಿ ನನ್ನ ಬಾಯಿ ಕಟ್ಟಿದ್ಳು. ದ್ಯಾಮೇಶನ ಎಡಗಿವಿ ಏನಾತು ನೋಡು. ನಿನ್ನ ಕೂಸಿಗೂ ಹಂಗ ಆಗ್ಲೇನು?"

ದ್ಯಾಮೇಶನಿಗೆ ಎಡಗಿವಿ ಕೇಳಿಸುವುದಿಲ್ಲ, ಚಿಕ್ಕಂದಿನಲ್ಲಿ ಕಿವಿ ಸೋರಿ ಹೋದದ್ದು. ಅದು ಪೇರಲಹಣ್ಣಿನಿಂದಲ್ಲ, ಔಷಧ ಮಾಡದೆ ಬಿಟ್ಟಿದ್ದರಿಂದ ಎಂದು ನಾನು ಕೂಗಾಡಿದೆ. ನೀಲಾ ಕೂಗಾಡಲಿಲ್ಲ.

"ಹಾಕಿದ್ದು ಹೋಗ್ಲಿರಿ," ಎಂದಳು. "ಅವತ್ತ ಎಲ್ಲಾರ ಮುಂದ ನನ್ನ ಸುಳ್ಳಿ ಅಂದಾಗ ನೀವು ಬಾಜೂಕನ ಕುಂತಿದ್ರಿ, ಅತ್ತಿಯಾರ."

ಆ 'ರಿ' ಕೇಳಿ ಕರಿಯವ್ವ ಕೆನ್ನೆಗೆ ಹೊಡೆಸಿಕೊಂಡಂತೆ ತಲೆ ತಗ್ಗಿಸಿದಳು. ಸುಳ್ಳಿ ಎಂದವಳು ನಾನು. ನನ್ನದು ತಪ್ಪಾಯಿತು ಎಂದೆ. ಇರಲಿ ಬಿಡ್ರಿ ಎಂದಳು ನೀಲಾ, ನನ್ನ ಕಡೆ ನೋಡದೆ.

ಆಮೇಲೆ ತನ್ನ ಗೋಧಿ ತಾನೇ ಹುರಿದುಕೊಂಡಳು, ಡಬ್ಬಿಯನ್ನು ತಲೆದಿಂಬಿನ ಪಕ್ಕ ಇಟ್ಟುಕೊಂಡಳು. ದವಾಖಾನೆಯಲ್ಲಿ ಸಲಾಯಿನ್ ಮೂಲಕ ಕಬ್ಬಿಣದ ಔಷಧ ಏರಿಸಿದರು. ರಕ್ತ ಹತ್ತಕ್ಕೆ ಬಂತು. ದಿನ ತುಂಬಿ ಹೆಣ್ಣುಕೂಸು ಹುಟ್ಟಿತು, ಎರಡು ಕಿಲೋ ಮುನ್ನೂರು ಗ್ರಾಂ. ಸಣ್ಣದು, ಆದರೆ ಅಳು ಜೋರು. ಅಷ್ಟು ಸಣ್ಣದಾದದ್ದು ಕಾಫಿಯಿಂದಲೋ, ರಕ್ತ ಕಡಿಮೆ ಇದ್ದುದರಿಂದಲೋ ಹೇಳುವುದು ಕಷ್ಟ ಎಂದರು ಡಾಕ್ಟರಬಾಯಿ.

ಬಾಣಂತಿ ಮನೆಗೆ ಬಂದ ಮೇಲೆ ನೋಡಲು ಹೋದೆ. ಕರಿಯವ್ವ ನನ್ನನ್ನು ಒಲೆಯ ಹತ್ತಿರ ಕರೆದು, ಕೂಸಿನ ಎರಡೂ ಕಿವಿ ಒಣಗಿವೆ, ಈಗಲಾದರೂ ತನ್ನದು ತಪ್ಪಲ್ಲವೆಂದು ನೀಲಾಗೆ ಹೇಳು ಎಂದಳು. ನನಗೆ ಮೈಯೆಲ್ಲ ಉರಿಯಿತು. ಮುದುಕಿಯ ಕಣ್ಣಲ್ಲಿ ನೀರು ನೋಡಿ ಮಣೆ ಎಳೆದುಕೊಂಡು ಕುಳಿತೆ. ನನ್ನೆದುರೇ ಗೋಧಿ ಹುರಿದಳು, ಪುಡಿ ಮಾಡಿದಳು, ಕುದಿಸಿ ಲೋಟವನ್ನು ನನ್ನ ಕೈಗಿಟ್ಟಳು. ನೀನು ಕೊಟ್ಟರೆ ಕುಡಿಯುತ್ತಾಳೆ ಎಂದಳು.

ಕರಿಯವ್ವ ಮಾಡಿದ್ದು, ಕಣ್ಣಾರೆ ನೋಡಿದ್ದೇನೆ, ಬರೀ ಗೋಧಿ ಎಂದು ನೀಲಾಗೆ ಹೇಳಿದೆ.

"ಮೊದಲ ನೀವು ಕುಡೀರಿ ಅಕ್ಕಾರ," ಎಂದಳು.

ಕುಡಿದೆ. ಬರೀ ಗೋಧಿಯೇ ಎಂದೆ. ನೀಲಾ ಕೂಸನ್ನು ಇನ್ನೊಂದು ಮಗ್ಗುಲಿಗೆ ಹಾಕಿಕೊಂಡು, ಪುಡಿಯನ್ನೂ ಒಂದು ಲೋಟ ತಣ್ಣೀರನ್ನೂ ತರಿಸಿ ಎಂದಳು. ಬಾಗಿಲಲ್ಲಿ ನಿಂತಿದ್ದ ಕರಿಯವ್ವ ತಾನೇ ತಂದಳು, ತಾನೇ ಉದುರಿಸಿದಳು. ಪುಡಿಯೆಲ್ಲ ತಳಕ್ಕೆ ಇಳಿಯಿತು. ಕೊನೆಯ ಕಾಳು ಇಳಿಯುವ ತನಕ ನೋಡಿ, ನೀಲಾ ನನ್ನ ಕೈಯಿಂದ ಕಾಫಿಯ ಲೋಟ ತೆಗೆದುಕೊಂಡು ಕುಡಿದಳು.

"ನಾಳೆನೂ ಹಿಂಗ ತೋರಿಸಿ ಕೊಡ್ರಿ, ಅತ್ತಿಯಾರ," ಎಂದಳು.

ಕರಿಯವ್ವ ಹೂಂ ಎಂದು ಡಬ್ಬಿಯ ಮುಚ್ಚಳ ಹಾಕಿದಳು.