ಮೂಲೆಗೆ ಮಸಿ ಹಚ್ಚಿದ ರಜಾ ಅರ್ಜಿ

ಕೆ.ಜಿ.ಎಫ್.ನ ಕಾಲೇಜಿನಲ್ಲಿ ನಮ್ಮ ಇಂಗ್ಲಿಷ್ ಮೇಷ್ಟ್ರು ರಜಾ ಅರ್ಜಿ ಬರೆಯುವುದನ್ನು ಒಂದು ತಿಂಗಳು ಕಲಿಸಿದ್ದರು. ಇಂದ, ಗೆ, ವಿಷಯ, ಕೊನೆಗೆ ‘ತಮ್ಮ ವಿಧೇಯ ವಿದ್ಯಾರ್ಥಿ’. ವಿಧೇಯತೆಯ ಗಂಧಗಾಳಿ ಇಲ್ಲದ ನಾವೂ ಹಾಗೇ ಬರೆಯಬೇಕಿತ್ತು.

ಎಂಬತ್ತರ ದಶಕದ ಒಂದು ಬೇಸಿಗೆ, ಪರೀಕ್ಷೆಗೆ ತಿಂಗಳಿದೆ ಅನ್ನುವಾಗ ಬೂದಿಕೋಟೆಯ ನಮ್ಮ ಮನೆಯಲ್ಲಿ ಅಜ್ಜಿ ತೀರಿಕೊಂಡಳು. ಹನ್ನೆರಡು ದಿನದ ರಜೆಗೆ ಮೇಷ್ಟ್ರ ನಮೂನೆಯಲ್ಲೇ, ಕನ್ನಡದಲ್ಲಿ ಅರ್ಜಿ ಬರೆದೆ. ಅಂಚೆಗೆ ಹಾಕಲು ಹೊರಟಾಗ ದೊಡ್ಡಪ್ಪ ಕಿತ್ತುಕೊಂಡರು.

“ಸಾವಿನ್ ಕಾಗ್ದ ಕಣ್ಲಾ ಇದು. ಮೂಲೆಗೆ ಮಸಿ ಅಚ್ದೆ ಕಳ್ಸಿದ್ರೆ ನಿಮ್ ಪ್ರಿನ್ಸಿಪಾಲು ಮದ್ವೆ ಕಾಗ್ದ ಅಂತ ಊಟಕ್ಕೆ ಬಂದ್ಬುಟ್ಟಾನು!”

ಅಂದವರೇ ಮುದ್ದೆ ಪಾತ್ರೆಯ ತಳಕ್ಕೆ ಬೆರಳು ಒರೆಸಿ ನಾಲ್ಕೂ ಮೂಲೆಗೆ ಬಳಿದರು. ನಾನು ಹಾಗೇ ಅಂಚೆಗೆ ಹಾಕಿ ಬಂದೆ. ಸಾವಿನ ಮನೆಯಲ್ಲಿ ದೊಡ್ಡಪ್ಪನ ಹತ್ತಿರ ವಾದ ಮಾಡುವ ಧೈರ್ಯ ನನಗಿರಲಿಲ್ಲ.

ತಿಥಿ ಮುಗಿಸಿ ಕಾಲೇಜಿಗೆ ಹೋದರೆ, ಹಾಜರಿ ಸಾಲದೆ ಹಾಲ್ ಟಿಕೆಟ್ ತಡೆಹಿಡಿದವರ ಪಟ್ಟಿಯಲ್ಲಿ ನನ್ನ ಹೆಸರು. ರಜಾ ಅರ್ಜಿಯೇ ಬಂದಿಲ್ಲವಂತೆ. ಒಂದು ವರ್ಷವೇ ಹಾಳು! ಆಂಡರ್ಸನ್‌ಪೇಟೆಯಿಂದ ಬರುತ್ತಿದ್ದ ಗುಮಾಸ್ತರ ಕಿಟಕಿಗೆ ಓಡಿದೆ. ಮನೆಯಲ್ಲಿ ತಮಿಳು, ಆಫೀಸಿನಲ್ಲಿ ಕನ್ನಡ ಆಡುವ ಮನುಷ್ಯ.

“ಬಂತು ತಂಬಿ. ಓದ್ದೆ, ಅರ್ದಾಕ್ದೆ.”

“ಹರಿದಿರಾ!”

“ಸಾವು ಕಾಗ್ದ ಯಾರಾನಾ ಇಟ್ಕೊಂತಾರಾ? ಫೈಲಲ್ಲಿ ಇಟ್ರೆ ಆಫೀಸ್‌ಗೇ ಆಗ್ಬರಲ್ಲ.”

ಅವರನ್ನು ಕರೆದುಕೊಂಡೇ ಪ್ರಿನ್ಸಿಪಾಲರ ಮುಂದೆ ನಿಂತೆ. ಪ್ರಿನ್ಸಿಪಾಲರೋ ಲಿಖಿತ ದಾಖಲೆಯನ್ನು ಬಿಟ್ಟು ಬೇರೇನನ್ನೂ ನಂಬದ ಜಾತಿ. “ಅರ್ಜಿ ಬಂದಿದ್ದಕ್ಕೆ ಪುರಾವೆ?” ಎಂದರು. ಗುಮಾಸ್ತರು ತಲೆ ಕೆರೆದುಕೊಂಡು ಹೊರಗೆ ಹೋಗಿ, ಸಿಬ್ಬಂದಿಯ ರಜೆ ಫೈಲು ತಂದು ಮೇಜಿನ ಮೇಲೆ ಬಿಚ್ಚಿದರು. ಅದರಲ್ಲಿ ಅವರದೇ ಅರ್ಜಿ: ‘ವಿಷಯ: ಸ್ನಾನ. ಈ ದಿನ ಅಂಚೆಯಲ್ಲಿ ವಿದ್ಯಾರ್ಥಿಯೊಬ್ಬನ ಅಜ್ಜಿಯ ಮರಣವನ್ನು ಓದಿದ ಕಾರಣ, ಮನೆಗೆ ಹೋಗಿ ತಲೆಗೆ ನೀರು ಹಾಕಿಕೊಳ್ಳಲು ಅರ್ಧ ದಿನ ರಜೆ ದಯಪಾಲಿಸಬೇಕಾಗಿ ಪ್ರಾರ್ಥನೆ.’ ಕೆಳಗೆ, ಆ ವಿದ್ಯಾರ್ಥಿ ಯಾರೆಂದು ತಿಳಿಸಲು, ನನ್ನ ಹೆಸರು, ತರಗತಿ, ರೋಲ್ ನಂಬರು. ಅದರ ಕೆಳಗೆ ಹಸಿರು ಶಾಯಿಯಲ್ಲಿ ‘ಮಂಜೂರು’ ಮತ್ತು ಪ್ರಿನ್ಸಿಪಾಲರ ಸಹಿ.

ಪ್ರಿನ್ಸಿಪಾಲರು ತಮ್ಮ ಸಹಿಯನ್ನು ಹತ್ತಿರದಿಂದ ನೋಡಿದರು, ದೂರದಿಂದ ನೋಡಿದರು. ಓದದೆ ಸಹಿ ಹಾಕಿದೆ ಅನ್ನುವ ಹಾಗಿಲ್ಲ. ಓದಿದ್ದೆ ಅಂದರೆ ನನ್ನ ಅಜ್ಜಿ ಸತ್ತದ್ದು ಅವರಿಗೆ ಅಧಿಕೃತವಾಗಿ ಗೊತ್ತಿತ್ತು. ಕೆಮ್ಮಿ, ಹಾಲ್ ಟಿಕೆಟ್ ಕೊಡಲು ಹೇಳಿದರು.

ಹೊರಗೆ ಬಂದ ಮೇಲೆ ಖುಷಿಗೆ ನಗು ಉಕ್ಕುತ್ತಿತ್ತು. ಗುಮಾಸ್ತರು ಕಿಟಕಿಯಲ್ಲಿ ಹಾಲ್ ಟಿಕೆಟ್ ಚಾಚಿ, ಕೈ ಬಿಡದೆ ಹಾಗೇ ಹಿಡಿದುಕೊಂಡರು.

“ದಿನಾ ನೀನು ಬಸ್ ಇಳ್ಯೋ ತನಕ ನಿಮ್ಮಜ್ಜಿ ಬಾಗ್ಲಲ್ಲೇ ಕೂತಿರೋರು ಅಂತ ಬರ್ದಿದ್ಯಲ್ಲ ತಂಬಿ. ಈಗ ಯಾರು ಕೂತ್ಕೊಂತಾರೆ?”

ಹಾಗೆ ಬರೆದದ್ದೇ ನನಗೆ ನೆನಪಿರಲಿಲ್ಲ. ಯಾರೂ ಇಲ್ಲ ಸಾರ್ ಅಂದೆ. ಹನ್ನೆರಡು ದಿನ ಮನೆಯಲ್ಲಿ ಬಾರದ ಅಳು ಆ ಕಿಟಕಿಯ ಮುಂದೆ ಬಂತು.