ನಮ್ಮ ಮನೆಯ ಒಗೆಯುವ ಕಲ್ಲು

ಅಂಕೋಲೆಯ ನಮ್ಮ ಮನೆಗೆ ನಾನೇ ಹಿರಿಯಳು. ನನ್ನ ಮಾತು ಮೀರುವವರಿಲ್ಲ. ಮೊನ್ನೆ ಕಾರವಾರದಲ್ಲಿ ಫುಟ್‌ಪಾತಿನ ಹಾಸುಗಲ್ಲು ಒಡೆದಿದ್ದಲ್ಲಿ ನನ್ನ ಕಾಲು ಸಿಕ್ಕಿಕೊಂಡಿತು. ಬೈಯಲು ಬಾಯಿ ತೆರೆದವಳಿಗೆ ನಮ್ಮ ಮನೆಯ ಒಗೆಯುವ ಕಲ್ಲು ನೆನಪಾಯಿತು.

ನಾನು ಚಿಕ್ಕವಳಿದ್ದಾಗ ತವರೂರಿನಲ್ಲಿ ಅಪ್ಪ ಪೇಟೆಯ ಗಟಾರದ ಮೇಲಿನ ಹಾಸುಗಲ್ಲೊಂದನ್ನು ಬಟ್ಟೆ ಒಗೆಯಲೆಂದು ಮನೆಗೆ ಎತ್ತಿಕೊಂಡು ಬಂದಿದ್ದರು. ವಾರದೊಳಗೆ ಮೀನು ಮಾರುವ ದೇವಮ್ಮ ಆ ಕಲ್ಲು ತೆಗೆದ ಜಾಗದಲ್ಲೇ ಬಿದ್ದಳು. ಬುಟ್ಟಿಯ ಬಂಗಡೆಯೆಲ್ಲ ಗಟಾರದ ಪಾಲಾಯಿತು.

"ಇಲ್ಲೊಂದು ಕಲ್ಲಿತ್ತಲ್ಲೇ ತಂಗೀ, ಎಲ್ಲೋಯ್ತೇ?" ಮೊಣಕಾಲು ಹಿಡಿದುಕೊಂಡು ನನ್ನನ್ನೇ ಕೇಳಿದಳು.

"ನಂಗೊತ್ತಿಲ್ಲ" ಎಂದೆ. ಅದೇ ಕಲ್ಲಿನ ಮೇಲೆ ಆಯಿ ಒಗೆದ ಲಂಗ ನನ್ನ ಮೈಮೇಲಿತ್ತು. ಆಮೇಲೆ ದೇವಮ್ಮ ಕುಂಟುತ್ತಲೇ ಮೀನು ಮಾರಿದಳು.

ಅಪ್ಪನ ನೆನಪಿಗೆಂದು ತವರಿನಿಂದ ತರಿಸಿಕೊಂಡಿದ್ದ ಆ ಕಲ್ಲನ್ನು ನಿನ್ನೆ ಮಕ್ಕಳಿಂದ ಹೊರಿಸಿ, ಇಲ್ಲಿನ ಪೇಟೆಯ ಗಟಾರ ಬಾಯಿಬಿಟ್ಟಿದ್ದಲ್ಲಿ ಹಾಕಿಸಿದೆ.

"ಅಮ್ಮಾ, ಈ ಕಲ್ಲು ಎಲ್ಲಿತ್ರಾ?" ಅಂಗಡಿಯವನು ಕೇಳಿದ.

"ನಮ್ಮನೇಲೇ ಇತ್ತು" ಎಂದೆ, ಎಲ್ಲರಿಗೂ ಕೇಳುವಂತೆ.